ಟ್ರೇಲರಿನ ದೀಪ ಕೈಕೊಟ್ಟಾಗ ಮೊದಲು ಅರ್ತ್ ನೋಡಿ

ಹಗಲು ಬ್ರೇಕ್ ತುಳಿದರೆ ಟ್ರೇಲರಿನ ಹಿಂದೆ ಸಣ್ಣಗೆ ಕೆಂಪು ಬೆಳಕು. ರಾತ್ರಿ ಲೈಟ್ ಹಾಕಿಕೊಂಡು ಹೋಗುವಾಗ ಅದೇ ಬ್ರೇಕ್ ತುಳಿದರೆ, ಉರಿಯುತ್ತಿದ್ದ ದೀಪವೂ ಆರಿಹೋಗುತ್ತದೆ. ನಮ್ಮ ತೋಟದ ಟ್ರ್ಯಾಕ್ಟರ್ ಟ್ರೇಲರಿಗೆ ಬಂದಿದ್ದ ಕಾಯಿಲೆ ಇದು. ರೊಬಸ್ಟಾ ಕೊಯ್ಲಿನ ದಿನಗಳಲ್ಲಿ ಕೊನೆಯ ಲೋಡು ಸುಂಟಿಕೊಪ್ಪ ದಾಟಿ ಆನೆಕಾಡಿನ ರಸ್ತೆ ಹಿಡಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಬೆನ್ನಿಗೆ ಕುಶಾಲನಗರದ ಕಡೆ ಓಡುವ ಬಸ್ಸು, ಕಾರುಗಳು. ಬ್ರೇಕ್ ತುಳಿದ ಕ್ಷಣದಲ್ಲೇ ಅವರ ಕಣ್ಣಿಗೆ ನಮ್ಮ ಗಾಡಿ ಕಾಣದಂತಾದರೆ ಏನಾಗಬಹುದೆಂದು ಯೋಚಿಸಿ, ಅಂದೇ ಟ್ರೇಲರನ್ನು ಶೆಡ್ಡಿಗೆ ಹಾಕಿಸಿದೆ.

"ಬಲ್ಬು ಹೋಗಿದೆ ಅಣ್ಣ, ಹೊಸದು ಹಾಕಿದ್ರೆ ಆಯ್ತು" ಎಂದ ನಮ್ಮ ಡ್ರೈವರ್. ಆದರೆ ಹೋದ ಬಲ್ಬು ಹಗಲಿಗೊಂದು ಥರ, ರಾತ್ರಿಗೊಂದು ಥರ ನಡೆದುಕೊಳ್ಳುವುದಿಲ್ಲ. ಹಿಂದಿನ ಆ ಬಲ್ಬಿನೊಳಗೆ ಎರಡು ಫಿಲಮೆಂಟ್, ಅಂದರೆ ಕಾದು ಬೆಳಗುವ ಸಣ್ಣ ತಂತಿಗಳು, ಇರುತ್ತವೆ: ರಾತ್ರಿ ಲೈಟ್ ಹಾಕಿದಾಗ ಉರಿಯುವ ಪಾರ್ಕಿಂಗ್ ದೀಪಕ್ಕೆ 5 ವ್ಯಾಟ್, ಬ್ರೇಕಿಗೆ 21 ವ್ಯಾಟ್. ಎರಡಕ್ಕೂ ಅರ್ತ್, ಅಂದರೆ ಕರೆಂಟು ಬ್ಯಾಟರಿಯ ನೆಗೆಟಿವಿಗೆ ಹಿಂದಿರುಗುವ ದಾರಿ, ಒಂದೇ: ಬಲ್ಬಿನ ಹಿತ್ತಾಳೆಯ ಬುಡ. ಆ ಅರ್ತ್ ಕಡಿದುಹೋದರೆ ಬ್ರೇಕಿನ ಕರೆಂಟು ಪಕ್ಕದ 5 ವ್ಯಾಟಿನ ಫಿಲಮೆಂಟಿಗೆ ನುಗ್ಗಿ, ಪಾರ್ಕಿಂಗ್ ವೈರಿನಲ್ಲೇ ಹಿಂದಕ್ಕೆ ಹರಿದು, ಟ್ರ್ಯಾಕ್ಟರಿನ ಬಲ್ಬುಗಳ ಮೂಲಕ ದಾರಿ ಹುಡುಕುತ್ತದೆ. ಹಗಲು ಕಂಡ ಆ ಸಣ್ಣ ಬೆಳಕು ಇದೇ. ರಾತ್ರಿ ಪಾರ್ಕಿಂಗ್ ವೈರಿನಲ್ಲೂ 12 ವೋಲ್ಟ್ ಇರುತ್ತದೆ. ಬ್ರೇಕ್ ತುಳಿದರೆ ಎರಡೂ ಕಡೆ 12 ಆಗಿ ಕರೆಂಟು ಎತ್ತಲೂ ಹರಿಯುವುದಿಲ್ಲ, ದೀಪ ಆರುತ್ತದೆ. ಇಂಡಿಕೇಟರ್ ಹಾಕಿದಾಗ ಬೇರೆ ದೀಪವೂ ಜೊತೆಗೆ ಮಿಟುಕಿದರೆ ಅದಕ್ಕೂ ಸಾಮಾನ್ಯವಾಗಿ ಇದೇ ಕಾರಣ.

ತಪ್ಪು ಟ್ರ್ಯಾಕ್ಟರಿನದೋ ಟ್ರೇಲರಿನದೋ ಎಂಬುದನ್ನು ಮೊದಲು ಬೇರೆ ಮಾಡಿಕೊಂಡೆ. ಟ್ರೇಲರಿನ ವೈರುಗಳನ್ನು ಟ್ರ್ಯಾಕ್ಟರಿಗೆ ಸೇರಿಸುವ ಪ್ಲಗ್ ಕಿತ್ತು, ಹಳೆಯ ಹೋಲ್ಡರಿಗೆ 21 ವ್ಯಾಟಿನ ಬಲ್ಬು ಹಾಕಿ ಎರಡು ವೈರ್ ಎಳೆದು, ಟ್ರ್ಯಾಕ್ಟರಿನ ಸಾಕೆಟ್ಟಿನ ಒಂದೊಂದೇ ಪಿನ್ನಿಗೆ ಹಿಡಿದು ನೋಡಿದೆ. ಮಲ್ಟಿಮೀಟರ್ ಇದ್ದರೂ ಇಲ್ಲಿ ನಾನು ಬಲ್ಬನ್ನೇ ನಂಬುತ್ತೇನೆ. ವೈರಿನ ಎಳೆಗಳೆಲ್ಲ ಕಡಿದು ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ಎಂದೇ ತೋರಿಸುತ್ತದೆ, ಏಕೆಂದರೆ ಅದು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. 21 ವ್ಯಾಟಿನ ಬಲ್ಬು ಸುಮಾರು 1.75 ಆಂಪಿಯರ್ ಕೇಳುತ್ತದೆ. ದಾರಿಯಲ್ಲಿ 1 ಓಮ್ ಅಡ್ಡವಾದರೂ ಒಂದೂವರೆ ವೋಲ್ಟ್ ಅಲ್ಲೇ ಕಳೆದು, ಬೆಳಕು ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಅದು ಕಣ್ಣಿಗೇ ಗೊತ್ತಾಗುತ್ತದೆ.

ಟ್ರ್ಯಾಕ್ಟರ್ ಕಡೆ ಎಲ್ಲ ಸರಿಯಿತ್ತು. ಪ್ಲಗ್ ಮತ್ತೆ ಸಿಕ್ಕಿಸಿ, ಡ್ರೈವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಬ್ಯಾಟರಿಯ ನೆಗೆಟಿವಿನಿಂದ ಉದ್ದದ ವೈರೊಂದನ್ನು ಎಳೆದು ತಂದು ಹಿಂದಿನ ಹೋಲ್ಡರಿನ ಬುಡಕ್ಕೆ ಮುಟ್ಟಿಸಿದೆ. ದೀಪ ಝಗ್ಗನೆ ಹತ್ತಿತು. ಆಮೇಲೆ ಅದೇ ವೈರನ್ನು ಮುಂದಕ್ಕೆ ಸರಿಸುತ್ತಾ ಬಂದೆ: ದೀಪದ ಡಬ್ಬಿ, ಅದರ ಬೋಲ್ಟು, ಟ್ರೇಲರಿನ ಚಾಸಿ (ಕೆಳಗಿನ ಕಬ್ಬಿಣದ ಚೌಕಟ್ಟು), ಟ್ರ್ಯಾಕ್ಟರಿಗೆ ಸಿಕ್ಕಿಸುವ ಮುಂದಿನ ದಂಡವಾದ ಡ್ರಾಬಾರ್. ಡಬ್ಬಿಗೆ ಮುಟ್ಟಿಸಿದರೆ ಉರಿಯುತ್ತದೆ, ಚಾಸಿಗೆ ಮುಟ್ಟಿಸಿದರೆ ಇಲ್ಲ. ಬೋಲ್ಟು ಬಿಚ್ಚಿದಾಗ ಡಬ್ಬಿಗೂ ಚಾಸಿಗೂ ನಡುವೆ ಬಣ್ಣದ ಪದರ, ಅದರಡಿ ಪುಡಿಪುಡಿಯಾಗಿ ಉದುರುವ ತುಕ್ಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯಿಲ್ಲದ ಶೆಡ್ಡಿನಲ್ಲಿ ನಿಂತ ಕಬ್ಬಿಣಕ್ಕೆ ಇದು ತಪ್ಪಿದ್ದಲ್ಲ.

ಉಜ್ಜಿ ಬಿಗಿದರೆ ಆ ದಿನಕ್ಕೆ ಸಾಕಿತ್ತು. ಆದರೆ ಏಳು ಪಿನ್ನಿನ ಪ್ಲಗ್ ತೆರೆದಾಗ 31 ಎಂದು ಬರೆದಿರುವ ಅರ್ತ್ ಪಿನ್ನಿಗೆ ವೈರೇ ಇರಲಿಲ್ಲ! ಅಷ್ಟೂ ದೀಪಗಳ ಕರೆಂಟು ಗ್ರೀಸ್ ಮೆತ್ತಿದ ಕೊಕ್ಕೆಯ ಪಿನ್ನಿನ ಮೂಲಕ ಟ್ರ್ಯಾಕ್ಟರಿಗೆ ಹಿಂದಿರುಗಬೇಕಿತ್ತು. ಗಾಡಿ ಕುಲುಕಿದಂತೆಲ್ಲ ಆ ಸಂಪರ್ಕ ಬರುತ್ತದೆ, ಹೋಗುತ್ತದೆ. ಅದಕ್ಕೇ ಆ ಪಿನ್ನಿನಿಂದ ಎರಡೂ ದೀಪಗಳ ಹೋಲ್ಡರಿನವರೆಗೆ 2.5 ಚದರ ಮಿ.ಮೀ. ವೈರನ್ನು ಪ್ರತ್ಯೇಕವಾಗಿ ಎಳೆದೆ. ಅರ್ತ್ ವೈರ್ ದಪ್ಪವಿರಲೇಬೇಕು: ಎರಡು ಬ್ರೇಕ್, ಒಂದು ಇಂಡಿಕೇಟರ್, ಪಾರ್ಕಿಂಗ್ ದೀಪಗಳು ಸೇರಿದರೆ 6 ಆಂಪಿಯರ್ ಹತ್ತಿರ ಅದರಲ್ಲೇ ಹರಿಯುತ್ತದೆ. ಜಾಯಿಂಟುಗಳನ್ನು ತಿರುಚಿ ಟೇಪು ಸುತ್ತಿ ಬಿಡಲಿಲ್ಲ. ಟೇಪಿನೊಳಗೆ ನೀರು ಇಳಿದರೆ ಒಣಗುವುದಿಲ್ಲ, ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ. ಸೋಲ್ಡರ್ ಮಾಡಿ, ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಟ್ಯೂಬು ಏರಿಸಿದೆ. ಪ್ಲಗ್ಗಿನ ಪಿನ್ನುಗಳನ್ನು ಎಮರಿ ಕಾಗದದಲ್ಲಿ ಉಜ್ಜಿ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಟ್ರೇಲರ್ ಬಿಚ್ಚಿಟ್ಟಾಗ ಪ್ಲಗ್ಗನ್ನು ಈಗ ಬಾಯಿ ಕೆಳಗೆ ಮಾಡಿ ಡ್ರಾಬಾರಿಗೆ ನೇತುಹಾಕುತ್ತೇವೆ.

ಬಲ್ಬು ಹಾಕುವಾಗ ಒಂದು ಜಾಗ್ರತೆ. ಎರಡು ಫಿಲಮೆಂಟಿನ ಬಲ್ಬಿನ ಬದಿಯ ಮೊಳೆಗಳು ಒಂದು ಮೇಲೆ, ಒಂದು ಕೆಳಗೆ ಇರುತ್ತವೆ. ಒಂದೇ ದಿಕ್ಕಿನಲ್ಲಿ ಕೂರಬೇಕು. ಒತ್ತಾಯ ಮಾಡಿ ತಿರುಗಿಸಿ ಕೂರಿಸಿದರೆ ಪಾರ್ಕಿಂಗ್ ಜಾಗದಲ್ಲಿ ಬ್ರೇಕ್ ಫಿಲಮೆಂಟ್ ಉರಿಯುತ್ತದೆ.

ಗೊಬ್ಬರ ಸಾಗಿಸುವ ಇನ್ನೊಂದು ಟಿಪ್ಪಿಂಗ್ ಟ್ರೇಲರಿನ ಸಮಸ್ಯೆ ಬೇರೆ: ಫ್ಯೂಸ್ ಪದೇ ಪದೇ ಹೋಗುತ್ತಿತ್ತು, ಅದೂ ತೊಟ್ಟಿ ಎತ್ತಿ ಇಳಿಸಿದ ಮೇಲೆ ಮಾತ್ರ. ತೊಟ್ಟಿಯ ಕೀಲಿನ ಹತ್ತಿರ ವೈರ್ ಸಿಕ್ಕಿ ಉಜ್ಜಿ, ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. ಅಲ್ಲಿ ದೊಡ್ಡ ಫ್ಯೂಸ್ ಹಾಕುವ ಆಸೆಗೆ ಯಾರೂ ಹೋಗಬೇಡಿ, ವೈರ್ ಕಾದು ಹೊತ್ತಿಕೊಳ್ಳುತ್ತದೆ. ಸವೆದಷ್ಟು ಕತ್ತರಿಸಿ ಹೊಸ ತುಂಡು ಸೇರಿಸಿ, ಹಳೆಯ ರಬ್ಬರ್ ಪೈಪಿನೊಳಗೆ ತೂರಿಸಿ, ತೊಟ್ಟಿ ಪೂರ್ತಿ ಎತ್ತಿದಾಗಲೂ ಎಳೆಯದಷ್ಟು ಸಡಿಲ ಬಿಟ್ಟು ಕಟ್ಟಿದೆ.