ಮೆಂಟಲ್ ಹೆಲ್ತ್ ಕೋರ್ಟ್‌ನಲ್ಲಿ ನನ್ನ ಕೆಲಸ

ಅಮೆರಿಕದ ಒಂದು ಮೆಂಟಲ್ ಹೆಲ್ತ್ ಕೋರ್ಟ್‌ನಲ್ಲಿ, ಅಂದರೆ ಮಾನಸಿಕ ಕಾಯಿಲೆ ಇರುವ ಆರೋಪಿಗಳನ್ನು ಜೈಲಿನ ಬದಲು ಚಿಕಿತ್ಸೆಯ ಕಡೆ ತಿರುಗಿಸುವ ಕೋರ್ಟ್‌ನಲ್ಲಿ, ನಾನು ಕೇಸ್ ಮ್ಯಾನೇಜರ್. ಇಂಥ ಕೋರ್ಟ್‌ಗಳಿಗೆ ದಾರಿ ಹಾಕಿಕೊಟ್ಟಿದ್ದು ಫ್ಲೋರಿಡಾದ ಬ್ರೋವರ್ಡ್ ಕೌಂಟಿ. 1997ರಲ್ಲಿ ನ್ಯಾಯಾಧೀಶೆ ಜಿಂಜರ್ ಲರ್ನರ್-ರೆನ್ ಅಲ್ಲಿ ಸಣ್ಣಪುಟ್ಟ ಅಪರಾಧದ ಕೇಸುಗಳಿಂದ ಶುರು ಮಾಡಿದರು. ಈಗ ಕೆಲವು ಕಡೆ ದೊಡ್ಡ ಕೇಸುಗಳೂ ಬರುತ್ತವೆ.

ಆರೋಪಿ ಒಪ್ಪಿದರೆ ಮಾತ್ರ ಕೇಸು ನಮ್ಮಲ್ಲಿಗೆ ಬರುತ್ತದೆ. ಇಲ್ಲದಿದ್ದರೆ ಮಾಮೂಲಿ ಕೋರ್ಟ್‌ನಲ್ಲೇ ನಡೆಯುತ್ತದೆ. ಒಪ್ಪಬೇಕಾದರೆ ವಿಷಯ ಅರ್ಥವಾಗಿರಬೇಕು, ಅಲ್ವಾ? ಯಾರೂ ಇಲ್ಲದ ಕಡೆಯಿಂದ ದನಿ ಕೇಳಿಸುತ್ತಿರುವ ಮನುಷ್ಯನ ಮುಂದೆ ನಾನು ಸಹಿಗೆ ಕಾಗದ ಇಡುವುದಿಲ್ಲ. ಡಾಕ್ಟರ್ ನೋಡಿ, ಔಷಧಿ ಹಿಡಿದ ಮೇಲೆ ಮತ್ತೆ ಹೋಗುತ್ತೇನೆ. ಜೈಲಿನ ಮೊದಲ ಭೇಟಿಯಲ್ಲಿ ಕಾಯಿಲೆಯ ಹೆಸರು ಕೇಳುವುದೂ ಇಲ್ಲ. ಹೊರಗೆ ಎಲ್ಲಿ ಮಲಗುತ್ತಿದ್ದಿರಿ, ಯಾವ ಮಾತ್ರೆ ಒಗ್ಗಲಿಲ್ಲ, ಯಾರಿಗೆ ಫೋನ್ ಮಾಡಲಿ ಎಂದಷ್ಟೇ ಕೇಳುತ್ತೇನೆ.

ಜಾಸ್ತಿ ಶ್ರಮ ಬೇಕಾಗುವುದು ಬಿಡುಗಡೆಯ ಹೊತ್ತಿಗೆ. ಎಸ್‌ಎಸ್‌ಐ ಎಂಬ ಸರ್ಕಾರಿ ನೆರವಿನ ಹಣ, ತಿಂಗಳು ಪೂರ್ತಿ ಜೈಲಿನಲ್ಲಿದ್ದರೆ ನಿಲ್ಲುತ್ತದೆ. ಸತತ 12 ತಿಂಗಳು ಸಿಗದೆ ಹೋದರೆ ಹೊಸದಾಗಿ ಅರ್ಜಿ ಹಾಕಬೇಕು. ಕೈಯಲ್ಲಿ ದುಡ್ಡಿಲ್ಲ, ಮಾತ್ರೆ ಇಲ್ಲ, ಗುರುತಿನ ಚೀಟಿ ಇಲ್ಲ. ಅದರ ಮೇಲೆ ರಾತ್ರಿ ಹೊರಗೆ ಬಿಟ್ಟರೆ ಕ್ಲಿನಿಕ್ ಬಾಗಿಲು ಹಾಕಿರುತ್ತದೆ. ಅದಕ್ಕೇ ಬೆಳಗ್ಗೆಯೇ ಬಿಡುವಂತೆ ಆದೇಶ ಬರೆಸಲು ವಕೀಲರನ್ನು ಬಿಡದೆ ಕೇಳುತ್ತೇನೆ. ಜೈಲಿನ ಹೊರಗೆ ನಿಂತು, ಅಲ್ಲಿಂದ ನೇರ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತೇನೆ. ಇಡೀ ಕೇಸಿನಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ವಿಚಾರಣೆಗೆ ಮುಂಚೆ ನ್ಯಾಯಾಧೀಶರು, ಪ್ರಾಸಿಕ್ಯೂಟರ್, ಆರೋಪಿ ಪರ ವಕೀಲರು, ಚಿಕಿತ್ಸೆಯವರು ಒಟ್ಟಿಗೆ ಕೂರುತ್ತಾರೆ. ಅಲ್ಲಿ ನಾನು ಹೇಳುವುದು ಆರೋಪಿ ಕ್ಲಿನಿಕ್ಕಿಗೆ ಬಂದರೇ, ಏನು ಅಡ್ಡಿಯಾಯಿತು ಎಂಬುದನ್ನು ಮಾತ್ರ. ಕೌನ್ಸೆಲರ್ ಹತ್ತಿರ ಅತ್ತು ಹೇಳಿಕೊಂಡದ್ದು ಆ ಕೋಣೆಗೆ ಬರಬಾರದು.

ಒಬ್ಬರು ಬೆಳಗಿನ ಅಪಾಯಿಂಟ್‌ಮೆಂಟ್ ಪದೇ ಪದೇ ತಪ್ಪಿಸುತ್ತಿದ್ದರು. ಕೆಲವು ದಿನ ಜೈಲಿಗೆ ಹಾಕಿದರೆ ಸರಿಹೋಗಬಹುದು ಎಂಬ ಮಾತು ಬಂತು. ನಾನು ಒಪ್ಪಲಿಲ್ಲ. ನ್ಯಾಯಾಧೀಶರು ವಕೀಲರನ್ನು ಬಿಟ್ಟು ಅವರನ್ನೇ ನೇರವಾಗಿ ಕೇಳಿದರು. ರಾತ್ರಿಯ ಮಾತ್ರೆ ತೆಗೆದುಕೊಂಡರೆ ಮಧ್ಯಾಹ್ನದವರೆಗೂ ಎಚ್ಚರವೇ ಆಗುವುದಿಲ್ಲ ಎಂದರು. ಅಪಾಯಿಂಟ್‌ಮೆಂಟ್ ಮಧ್ಯಾಹ್ನಕ್ಕೆ ಬದಲಾಯಿಸಿದೆವು. ಡಾಕ್ಟರ್ ಮಾತ್ರೆ ನಿಲ್ಲಿಸಿ, ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್‌ಗೆ ಬದಲಿಸಿದರು. ಆಮೇಲೆ ಅವರು ಬರತೊಡಗಿದರು.

ಕೋರ್ಟ್‌ನ ಈ ಚಿಕಿತ್ಸೆಯ ಕಾರ್ಯಕ್ರಮ ಮುಗಿಸಿದವರ ಮೇಲಿನ ಆರೋಪವನ್ನು ಎಷ್ಟೋ ಕೋರ್ಟ್‌ಗಳು ಕೈಬಿಡುತ್ತವೆ. ಆದರೆ ಕೇಸು ಮುಗಿದರೂ ಕಾಯಿಲೆ ಇರುತ್ತದೆ. ಅದಕ್ಕೆ ಕೊನೆಯ ವಿಚಾರಣೆಗೆ ಮೊದಲೇ ಮುಂದಿನ ತಿಂಗಳ ಇಂಜೆಕ್ಷನ್ ದಿನ ಗೊತ್ತುಮಾಡಿ, ಆ ಚೀಟಿಯನ್ನು ಅವರಿಗೂ ಮನೆಯವರಿಗೂ ಕೊಟ್ಟಿರುತ್ತೇನೆ.