ಹೊಸ ತಂತ್ರಾಂಶಕ್ಕೆ ಹೋಗುವ ಮುನ್ನ ಲೆಕ್ಕ ತಾಳೆಯಾಗಲಿ

ಸಂಸ್ಥೆಗೆ ಹೊಸ ತಂತ್ರಾಂಶ ಬರುತ್ತದೆ ಎಂದಾಗ ಸಭೆಗಳಲ್ಲಿ ಬೆಲೆ, ತರಬೇತಿಯ ಮಾತೇ ಹೆಚ್ಚು. ಹಳೆಯ ಮಾಹಿತಿ ಹೊಸದರಲ್ಲಿ ಸರಿಯಾಗಿ ಕೂತಿದೆಯೇ ಎಂದು ಕೇಳುವವರು ವಿರಳ. ಕೆಲಸ ಕೆಡುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಅಲ್ಲೇ.

1. ದಾರಿ ಆರಿಸಿಕೊಳ್ಳಿ. ಹಳೆಯದನ್ನು ನಿಲ್ಲಿಸಿ ಒಮ್ಮೆಗೇ ಹೊಸದಕ್ಕೆ ಹೋಗಬಹುದು, ಎರಡನ್ನೂ ಕೆಲಕಾಲ ಜೊತೆಯಲ್ಲಿ ನಡೆಸಬಹುದು, ಒಂದೊಂದೇ ವಿಭಾಗವನ್ನು ಬದಲಿಸಬಹುದು, ಇಲ್ಲವೇ ಒಂದು ಶಾಖೆಯಲ್ಲಿ ಪ್ರಯೋಗಿಸಿ ನೋಡಬಹುದು. ಸಂಬಳ ಮತ್ತು ಹಣಕಾಸಿನ ಲೆಕ್ಕಕ್ಕೆ ಎರಡನ್ನೂ ಜೊತೆಯಲ್ಲೇ ನಡೆಸಿ. ಸಿಬ್ಬಂದಿಗೆ ಇಮ್ಮಡಿ ಕೆಲಸ ಬೀಳುವುದರಿಂದ ಆ ಅವಧಿಗೆ ಹೆಚ್ಚುವರಿ ಜನರನ್ನು ಕೊಡಲೇಬೇಕು. ಪ್ರಯೋಗಕ್ಕೆ ಅತ್ಯುತ್ಸಾಹದ ಶಾಖೆ ಬೇಡ, ಸಾಧಾರಣ ಶಾಖೆಯೇ ಇರಲಿ. ದೊಡ್ಡ ಸಂಸ್ಥೆಗಳು ಒಮ್ಮೆಗೇ ಬದಲಾಗುವುದನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊಸ ವ್ಯವಸ್ಥೆಗೆ ಹೋದಾಗ ಮಾಹಿತಿ ಸರಿಯಾಗಿಯೇ ವರ್ಗವಾಗಿತ್ತು. ಆದರೂ ವ್ಯವಸ್ಥೆ ಕೈಕೊಟ್ಟು ಗ್ರಾಹಕರು ಪರದಾಡಿದರು. ಸೇವೆ ಪೂರ್ತಿ ಸರಿಹೋಗಲು ಡಿಸೆಂಬರ್ ಆಯಿತು.

2. ಮಾಹಿತಿ ವರ್ಗಾಯಿಸಿ. ಇಲ್ಲಿ ಆತುರ ಸಲ್ಲದು. ಎರಡೆರಡು ಬಾರಿ ದಾಖಲಾದ ಹೆಸರು, ಖಾಲಿ ಬಿಟ್ಟ ಅಂಕಣಗಳನ್ನು ಹಳೆಯದರಲ್ಲೇ ಸರಿಪಡಿಸಿ. ‘ಆಮೇಲೆ ನೋಡಿದರಾಯಿತು’ ಎಂದು ಬಿಟ್ಟದ್ದನ್ನು ಆಮೇಲೆ ಯಾರೂ ನೋಡುವುದಿಲ್ಲ. ನಡುವೆ, ಹಳೆಯದರಿಂದ ಹೊರತೆಗೆದ ಮಾಹಿತಿಯ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸುವ ಅಡ್ಡದಾರಿಯಂತೂ ಬೇಡವೇ ಬೇಡ. 00452 ಎಂಬ ನೌಕರ ಸಂಖ್ಯೆ 452 ಆಗಿಬಿಡುತ್ತದೆ, 16 ಅಂಕೆಯ ಖಾತೆ ಸಂಖ್ಯೆಯ ಕೊನೆಯ ಅಂಕೆ ಸೊನ್ನೆಯಾಗುತ್ತದೆ. 03/04 ಎಂಬುದು ಏಪ್ರಿಲ್ 3 ಆಗಬೇಕಾದಲ್ಲಿ ಮಾರ್ಚ್ 4 ಆಗಬಹುದು.

ವರ್ಗಾವಣೆಗೆ ಮುಂಚೆ ಮತ್ತು ನಂತರ ಮೂರು ಮೊತ್ತ ತಾಳೆ ನೋಡಿ: ಒಟ್ಟು ದಾಖಲೆಗಳು, ಒಟ್ಟು ಹಣ, ಮತ್ತು ಎಲ್ಲ ನೌಕರ ಸಂಖ್ಯೆಗಳನ್ನು ಕೂಡಿದ ಮೊತ್ತ. ಕೊನೆಯದಕ್ಕೆ ಬೇರೆ ಅರ್ಥವಿಲ್ಲ, ಆದರೆ ಒಂದು ದಾಖಲೆ ಬಿಟ್ಟುಹೋಗಿ ಇನ್ನೊಂದು ಎರಡು ಸಲ ಸೇರಿದ್ದರೆ ಅದು ಹೇಳಿಬಿಡುತ್ತದೆ. ಆಮೇಲೆ ಕಷ್ಟದ ದಾಖಲೆಗಳನ್ನು ಕಣ್ಣಾರೆ ನೋಡಿ: ಅತಿ ಉದ್ದದ ಹೆಸರು, ಅತಿ ಹಳೆಯ ಖಾತೆ, ಕೆಲಸ ಬಿಟ್ಟು ಮರಳಿ ಸೇರಿದವರು. ಒಂದೇ ಗುಂಡಿ ಒತ್ತಿದರೆ ಎಲ್ಲವೂ ವರ್ಗವಾಗುತ್ತದೆ ಎನ್ನುವ ಸಲಕರಣೆ, ತಿರಸ್ಕರಿಸಿದ ದಾಖಲೆಗಳ ಪಟ್ಟಿ ಕೊಡದಿದ್ದರೆ ಅದನ್ನು ಕೊಳ್ಳಬೇಡಿ. ಗಡಿಯಾರ ನೋಡಿಕೊಂಡು ಇಡೀ ವರ್ಗಾವಣೆಯ ತಾಲೀಮು ನಡೆಸಿ. ಲೆಕ್ಕ ತಾಳೆಯಾಗುವವರೆಗೆ ಮತ್ತೆ ಮತ್ತೆ ನಡೆಸಿ.

3. ತರಬೇತಿ ಕೊಡಿ, ಬ್ಯಾಕಪ್ ತೆಗೆದಿಡಿ, ಅದನ್ನು ಒಮ್ಮೆ ಮರುಸ್ಥಾಪಿಸಿ ನೋಡಿ.

4. ಬದಲಾವಣೆಗೆ ತಿಂಗಳ ಕೊನೆಯ ದಿನಗಳು ಬೇಡ. ಯಾವ ತೊಂದರೆ ಕಂಡರೆ ಹಳೆಯದಕ್ಕೆ ಹಿಂದಿರುಗಬೇಕು, ಎಷ್ಟು ಗಂಟೆಯೊಳಗೆ, ಯಾರು ನಿರ್ಧರಿಸಬೇಕು ಎಂಬುದನ್ನು ಮೊದಲೇ ಬರೆದಿಡಿ. ಹೊಸದರಲ್ಲಿ ವ್ಯವಹಾರಗಳು ದಾಖಲಾಗುತ್ತಾ ಹೋದಂತೆ ಹಿಂದಿರುಗುವುದು ಕಷ್ಟವಾಗುತ್ತದೆ.

5. ಹಳೆಯದರಲ್ಲಿ ಹೊಸ ನಮೂದು ನಿಲ್ಲಿಸಿ, ಆದರೆ ಒಂದು ವಾರ್ಷಿಕ ಲೆಕ್ಕಪರಿಶೋಧನೆ ಮುಗಿಯುವವರೆಗೆ ಅದನ್ನು ನೋಡಲು ತೆರೆದಿಡಿ.