ಗೊಂಬೆ ಪಾರ್ಕಿನ ಮೆಂತ್ಯ ಸೊಪ್ಪು

ನನಗೆ ಗಿಡದ ಹುಚ್ಚು ಹತ್ತಿದ್ದು ದಸರಾ ಗೊಂಬೆಯಿಂದ. ಮದುವೆಯಲ್ಲಿ ಅಮ್ಮ ಪಟ್ಟದ ಗೊಂಬೆ, ಅಂದರೆ ರಾಜ-ರಾಣಿಯ ಮರದ ಗೊಂಬೆ ಜೋಡಿ ಕೊಟ್ಟು ಕಳಿಸಿದ್ದರು. ಮೈಸೂರಿನಲ್ಲಿ ಗೊಂಬೆ ಕೂರಿಸುವವರಿಗೆ ‘ಪಾರ್ಕ್’ ಅಂದರೆ ಏನೆಂದು ಹೇಳಬೇಕಿಲ್ಲ. ಮೆಟ್ಟಿಲುಗಳ ಮುಂದೆ ತಟ್ಟೆಗಳಲ್ಲಿ ರಾಗಿ, ಮೆಂತ್ಯ, ಸಾಸಿವೆ ಚೆಲ್ಲಿ ಹಸಿರು ಬರಿಸುತ್ತೇವೆ. ನಡುವೆ ಒಂದು ಕನ್ನಡಿ ಇಟ್ಟರೆ ಅದೇ ಕೆರೆ. ದಡದಲ್ಲಿ ಮಣ್ಣಿನ ಹಸು, ಆನೆ, ಬುಟ್ಟಿ ಹೊತ್ತ ಹೆಂಗಸು.

ಮೊದಲ ವರ್ಷ ನನ್ನ ಪಾರ್ಕ್ ಕೊಳೆತುಹೋಯಿತು. ತೂತಿಲ್ಲದ ಸ್ಟೀಲ್ ತಟ್ಟೆಯಲ್ಲಿ ಮಣ್ಣು ಹಾಕಿ, ರಾಗಿ ಚೆಲ್ಲಿ, ಬೆಳಿಗ್ಗೆ ಸಂಜೆ ಚೊಂಬಿನಲ್ಲಿ ನೀರು ಸುರಿದಿದ್ದೆ. ಸಾಲದ್ದಕ್ಕೆ ಮೇಲೊಂದು ತಟ್ಟೆ ಮುಚ್ಚಿದ್ದೆ. ಮೂರನೇ ದಿನಕ್ಕೆ ಬೂಷ್ಟು. ಮಂಡ್ಯ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮತ್ತೆ ಮೂಗು ಮುಚ್ಚಿಕೊಂಡು, “ರಾಗಿ ಏನು ಭತ್ತವೇನವ್ವಾ, ನೀರಲ್ಲಿ ನಿಲ್ಸಕ್ಕೆ?” ಅಂದರು.

ಆಮೇಲೆ ಅವರೇ ಹೇಳಿಕೊಟ್ಟರು. ರಾಗಿಯನ್ನು ರಾತ್ರಿಯೆಲ್ಲಾ ನೆನೆಸಿ, ನೀರು ಬಸಿದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿಡಬೇಕು. ಬಿಳಿ ಮೊಳಕೆ ಇಣುಕಿದ ಮೇಲೆ ಒದ್ದೆ ಮಣ್ಣಿನ ಮೇಲೆ ಹರಡಬೇಕು. ಅಲ್ಲಿಂದ ಮುಂದೆ ಕೈಯಲ್ಲಿ ನೀರು ಚಿಮುಕಿಸಿದರೆ ಸಾಕು. ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಚೆಲ್ಲಿದರೆ ಗೊಂಬೆ ಕೂರಿಸುವ ಹೊತ್ತಿಗೆ ಹಸಿರು ಕಾಣುತ್ತದೆ. ಈಗ ನಾನು ತೂತು ಮಾಡಿದ ಪ್ಲಾಸ್ಟಿಕ್ ಟ್ರೇ ಬಳಸುತ್ತೇನೆ. ಅಂಚಿಗೆ ಕೆಮ್ಮಣ್ಣು ಬಳಿದರೆ ಪ್ಲಾಸ್ಟಿಕ್ ಅಂತ ಗೊತ್ತೇ ಆಗುವುದಿಲ್ಲ.

ಎರಡನೇ ವರ್ಷ ಪಾರ್ಕ್ ಚೆನ್ನಾಗಿ ಬಂತು. ವಿಜಯದಶಮಿ ಮುಗಿದ ಮೇಲೆ ಟ್ರೇಗಳನ್ನು ಕಾಂಪೌಂಡಿನ ಮೂಲೆಗೆ ಸುರಿಯಲು ಹೊರಟಿದ್ದೆ. ಅತ್ತೆ ಕತ್ತರಿ ತಂದು ಮೆಂತ್ಯವನ್ನೆಲ್ಲಾ ಕತ್ತರಿಸಿ ಮಡಿಲಿಗೆ ಹಾಕಿಕೊಂಡರು. ಅಂದು ರಾತ್ರಿ ಆ ಎಳೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ, ಕಾಯಿತುರಿ ಹಾಕಿ ಅಕ್ಕಿ ರೊಟ್ಟಿ ತಟ್ಟಿದರು. ಹತ್ತು ದಿನ ದೇವರ ಮುಂದೆ ಅಲಂಕಾರಕ್ಕಿದ್ದದ್ದು ತಟ್ಟೆಗೆ ಬಂದಿತ್ತು. ಮಾರನೇ ದಿನವೇ ಖಾಲಿ ಟ್ರೇಗಳಿಗೆ ಮತ್ತೆ ಮೆಂತ್ಯ ಚೆಲ್ಲಿದೆ.

ಟ್ರೇಯಿಂದ ಶುರುವಾದದ್ದು ತಾರಸಿಯ ಕುಂಡಗಳವರೆಗೆ ಬಂತು. ನಮ್ಮದು ಬಾಡಿಗೆ ಮನೆ. ತಾರಸಿ ಒದ್ದೆಯಾಗಬಾರದು ಅನ್ನುವುದು ಓನರ್ ಹಾಕಿದ ಷರತ್ತು. ಅದಕ್ಕೇ ಕುಂಡಗಳನ್ನೆಲ್ಲಾ ಇಟ್ಟಿಗೆ ಮೇಲೆ ಕೂರಿಸಿ, ಕೆಳಗೆ ತಟ್ಟೆ ಇಟ್ಟೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಇಷ್ಟೇ ನನ್ನ ಲೆಕ್ಕ. ದಂಟು, ಹರಿವೆ ಬೀಜ ತುಂಬಾ ಸಣ್ಣದು, ಮರಳಲ್ಲಿ ಬೆರೆಸಿ ಚೆಲ್ಲದಿದ್ದರೆ ಒಂದೇ ಕಡೆ ಗುಂಪಾಗುತ್ತದೆ. ಹರಿವೆ ತಿಂಗಳೊಳಗೆ ಕೈಗೆ ಬರುತ್ತದೆ. ವಾಂಗಿಬಾತಿನ ಆಸೆಗೆ ನಮ್ಮ ಮೈಸೂರಿನದೇ ತಳಿಯಾದ ಈರನಗೆರೆ ಬದನೆ ಸಸಿಯನ್ನೂ ತಂದು ನೆಟ್ಟೆ. ದಾಸವಾಳಕ್ಕೆ ಬಿಳಿ ಹಿಟ್ಟಿನಂಥ ತಿಗಣೆ ಹತ್ತಿದಾಗ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಕಲಸಿ ಸಂಜೆ ಹೊತ್ತು ಹೊಡೆದೆ. ಒಂದೇ ಸಲಕ್ಕೆ ಹೋಗಲಿಲ್ಲ, ವಾರಕ್ಕೊಮ್ಮೆ ಮಾಡಬೇಕಾಯಿತು.

ದಂಟಿನ ಸೊಪ್ಪು ಬಂದ ದಿನ ನಮ್ಮಲ್ಲಿ ಬಸ್ಸಾರು. ಸೊಪ್ಪು, ತೊಗರಿಬೇಳೆ ಬೇಯಿಸಿ ನೀರು ಬಸಿಯಬೇಕು. ಬೇಳೆ ಕರಗಬಾರದು, ಹಿಸುಕಿದರೆ ಮುರಿಯುವಷ್ಟು ಬೆಂದರೆ ಸಾಕು. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು ಹುರಿದು, ಕಾಯಿ, ಸಾರಿನ ಪುಡಿ, ಹುಣಸೆಹಣ್ಣಿನ ಜೊತೆ ಬೆಂದ ಸೊಪ್ಪು-ಬೇಳೆಯನ್ನೂ ಒಂದು ಹಿಡಿ ಸೇರಿಸಿ ರುಬ್ಬಬೇಕು. ಈ ಒಂದು ಹಿಡಿ ಮರೆತರೆ ಸಾರು ತೆಳ್ಳಗೆ ನೀರು ನೀರಾಗುತ್ತದೆ. ರುಬ್ಬಿದ್ದನ್ನು ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿ ಉದುರಿಸಿದರೆ ಪಲ್ಯ. ಬಿಸಿ ಮುದ್ದೆ ಇದ್ದರೆ ಬೇರೇನೂ ಬೇಡ. ಮೊದಲು ನಾನು ಏನು ಅಡುಗೆ ಅಂತ ತೀರ್ಮಾನ ಮಾಡಿ ತರಕಾರಿ ತರುತ್ತಿದ್ದೆ. ಈಗ ಮೇಲೆ ಹೋಗಿ ಏನಿದೆ ಅಂತ ನೋಡಿ ಬಂದು ಒಲೆ ಹಚ್ಚುತ್ತೇನೆ.

ಮನೆ ಅಲಂಕಾರಕ್ಕೆ ಅಂತ ಒಂದು ಕಾಲದಲ್ಲಿ ಬಹಳ ದುಡ್ಡು ಹಾಕಿದ್ದೆ. ಪ್ಲಾಸ್ಟಿಕ್ ಹೂವು, ಗಾಜಿನ ಸಾಮಾನು. ಎಲ್ಲಾ ಧೂಳು ಹೊಡೆಯುವ ಕೆಲಸ, ಅಷ್ಟೇ. ಈಗ ಗೊಂಬೆಯ ಮರದ ಮೆಟ್ಟಿಲನ್ನು ಹಬ್ಬ ಮುಗಿದ ಮೇಲೂ ಅಟ್ಟಕ್ಕೆ ಹಾಕುವುದಿಲ್ಲ. ಮೂರು ಮೆಟ್ಟಿಲು ಕಿಟಕಿ ಪಕ್ಕದಲ್ಲೇ ಇರುತ್ತವೆ. ಅದರ ಮೇಲೆ ದೊಡ್ಡಪತ್ರೆ, ತುಳಸಿ, ಹಳೇ ಬಾಟಲಿಯಲ್ಲಿ ಮನಿ ಪ್ಲಾಂಟ್. ಅಮ್ಮನ ಹಳೇ ಹತ್ತಿ ಸೀರೆ ಕಿಟಕಿಗೆ ಪರದೆಯಾಗಿದೆ. ಬೇಸಿಗೆಯಲ್ಲಿ ಮಲ್ಲಿಗೆ ಬಿಟ್ಟಾಗ ಸಂಜೆ ಮೊಗ್ಗು ಕಿತ್ತು ಹಿತ್ತಾಳೆ ಬಟ್ಟಲಿನ ನೀರಿಗೆ ಹಾಕಿಡುತ್ತೇನೆ. ರಾತ್ರಿ ಊಟಕ್ಕೆ ಕೂರುವಾಗ ಅರಳಿರುತ್ತವೆ. ಕೆಂಪು ಗಾರೆ ನೆಲ ಹೊಳೆಯಲಿ ಅಂತ ಒಮ್ಮೆ ಕೊಬ್ಬರಿ ಎಣ್ಣೆ ಉಜ್ಜಿದ್ದೆ. ಹೊಳೆಯಿತೇನೋ ನಿಜ, ಆದರೆ ಅತ್ತೆ ಜಾರಿ ಬೀಳುವುದರಲ್ಲಿದ್ದರು. ಆ ಸಾಹಸ ಅಲ್ಲಿಗೇ ಬಿಟ್ಟೆ.

ಈಗ ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಂಡಿ ನೋವು, ತಾರಸಿ ಹತ್ತಲಾಗುವುದಿಲ್ಲ. ಟ್ರೇಯನ್ನೇ ಕೆಳಗೆ ತಂದು ಮುಂದಿಟ್ಟರೆ ಸೊಪ್ಪು ಬಿಡಿಸುತ್ತಾರೆ. ನಿನ್ನೆ ರಾತ್ರಿಯೂ ಮಲಗುವ ಮುಂಚೆ ಕೇಳಿದರು.

“ನಾಳಿಕೆ ಮೇಲೆ ಏನದೆ?”

ಮೊಬೈಲ್ ಟಾರ್ಚ್ ಹಿಡಿದು ಹೋಗಿ ನೋಡಿ ಬಂದೆ. “ಹರಿವೆ ಒಂದು ಹಿಡಿ ಇದೆ ಅತ್ತೆ. ಬದನೆ ಮೂರು.”

“ಮೂರಕ್ಕೆ ವಾಂಗಿಬಾತು ಆಗಕ್ಕಿಲ್ಲ ಕಣವ್ವ. ಸುಟ್ಟು ಗೊಜ್ಜು ಮಾಡು.”